ಬುಲ್ಲಿಯಿಂಗ್, ಗ್ಯಾಂಗ್, ಕಲ್ಟ್: ಮೂರಕ್ಕೂ ಬೇಕಾಗಿರುವುದು ಒಂಟಿ ಮಗು

ಕಾಡುಮಲ್ಲಿಗೆ:

ಬುಲ್ಲಿಯಿಂಗ್ ಅಂದರೆ ಶಾಲೆಯ ವಿಷಯ, ಗ್ಯಾಂಗ್ ಅಂದರೆ ಪೊಲೀಸರ ವಿಷಯ, ಕಲ್ಟ್, ಅಂದರೆ ಸದಸ್ಯರನ್ನು ಪೂರ್ತಿ ಹಿಡಿತದಲ್ಲಿಟ್ಟುಕೊಳ್ಳುವ ಮುಚ್ಚಿದ ಪಂಥ, ಯಾವುದೋ ದೂರದ ವಿಷಯ. ಹೀಗೆ ಬೇರೆ ಬೇರೆ ಮಾಡಿ ನೋಡುವುದು ನಮಗೆ ಅಭ್ಯಾಸ. ಮಕ್ಕಳ ಆಪ್ತ ಸಲಹೆಯ ಕೆಲಸದಲ್ಲಿ ತುಂಬಾ ವರ್ಷ ಇದ್ದು ನನಗೆ ಅನ್ನಿಸಿರುವುದು ಬೇರೆ. ಮೂರೂ ಒಳಗೆ ಬರುವ ದಾರಿ ಒಂದೇ. ಮಗು ಒಂಟಿಯಾಗಿರಬೇಕು. ಇಲ್ಲದಿದ್ದರೆ ಅದನ್ನು ಒಂಟಿ ಮಾಡಬೇಕು. ಉಳಿದದ್ದೆಲ್ಲ ಆಮೇಲೆ ಸುಲಭ.

ಕಾಟ ಕೊಡುವ ಮಕ್ಕಳು ಮೊದಲು ನೋಡುವುದು ಯಾರ ಪರವಾಗಿ ಯಾರೂ ಮಾತಾಡುವುದಿಲ್ಲ ಅಂತ. ಗ್ಯಾಂಗಿನವರು ಹುಡುಕುವುದು ಸಂಜೆ ಎಲ್ಲಿದ್ದಾನೆ ಅಂತ ಯಾರೂ ಕೇಳದ ಹುಡುಗನನ್ನು. ಕಲ್ಟ್ ಗುಂಪು ಹೇಳುವ ಮೊದಲ ಮಾತೇ "ನಿನ್ನ ಮನೆಯವರಿಗೆ ನೀನು ಅರ್ಥವಾಗಲ್ಲ, ನಮಗೆ ಆಗ್ತೀಯ" ಅನ್ನುವುದು.

ನನ್ನ ಸಂಕಟ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ವಿಷಯ ಗೊತ್ತಾದ ಕೂಡಲೇ ದೊಡ್ಡವರು ಏನು ಮಾಡುತ್ತಾರೆ? ಫೋನ್ ಕಿತ್ತುಕೊಳ್ಳುತ್ತಾರೆ. ಹೊರಗೆ ಹೋಗುವುದು ಬಂದ್. ಇರುವ ಒಬ್ಬಿಬ್ಬರು ಗೆಳೆಯರೂ ಬಂದ್. "ನಮ್ಮ ಮಾನ ಕಳೆದೆ" ಅಂತ ಒಂದು ಮಾತು. ಆ ಹೊತ್ತಿಗೆ ಮಗುವಿಗೆ ಉಳಿದಿದ್ದ ಕೊನೆಯ ಎಳೆಯನ್ನೂ ಕತ್ತರಿಸಿದ ಹಾಗಾಗುತ್ತದೆ. ಕಾಟ ಕೊಡುವವರಿಗೆ, ಗ್ಯಾಂಗಿಗೆ, ಕಲ್ಟ್ ಗುಂಪಿಗೆ ಬೇಕಾಗಿದ್ದ ಕೆಲಸವನ್ನು ಮನೆಯವರೇ ಮಾಡಿಕೊಟ್ಟಂತೆ.

ಹೊರಗೆ ಉಳಿಯುವ ನೋವು ಸಣ್ಣದು ಅಂದುಕೊಳ್ಳಬೇಡಿ. ಕಿಪ್ಲಿಂಗ್ ವಿಲಿಯಮ್ಸ್ ಅನ್ನುವ ಮನಶ್ಶಾಸ್ತ್ರಜ್ಞರು 2000ದ ಸುಮಾರಿಗೆ ಕಂಪ್ಯೂಟರ್‌ನಲ್ಲಿ ಚೆಂಡಾಟದ ಒಂದು ಪ್ರಯೋಗ ಮಾಡಿದರು. ಮೂವರು ಚೆಂಡು ಎಸೆಯುತ್ತಾರೆ. ಸ್ವಲ್ಪ ಹೊತ್ತಿಗೆ ಉಳಿದಿಬ್ಬರು ನಿಮಗೆ ಎಸೆಯುವುದನ್ನು ನಿಲ್ಲಿಸುತ್ತಾರೆ. ಅಷ್ಟೇ ಆಟ. ಕೆಲವೇ ನಿಮಿಷದಲ್ಲಿ ದೊಡ್ಡವರಿಗೇ ಮನಸ್ಸು ಕುಗ್ಗಿತು. ಎದುರಿಗಿರುವುದು ಬರೀ ಕಂಪ್ಯೂಟರ್ ಅಂತ ಮೊದಲೇ ಹೇಳಿದ್ದರೂ ಕುಗ್ಗಿತು. ಇನ್ನೊಂದು ಪ್ರಯೋಗದಲ್ಲಿ, ತಾವು ಮನಸಾರೆ ದ್ವೇಷಿಸುವ ಗುಂಪಿನವರು ಹೊರಗಿಟ್ಟಾಗಲೂ ಜನರಿಗೆ ನೋವಾಯಿತು. ಇದನ್ನು ಓದಿದ ಮೇಲೆ "ಅಂಥ ಕೆಟ್ಟ ಗುಂಪಿಗೆ ಯಾಕೆ ಹೋದೆ" ಅಂತ ಮಕ್ಕಳನ್ನು ಕೇಳುವುದನ್ನೇ ನಾನು ಬಿಟ್ಟೆ. ಸೇರಿಸಿಕೊಳ್ಳುವವರು ಯಾರು ಅನ್ನುವುದಕ್ಕಿಂತ ಸೇರಿಸಿಕೊಂಡರು ಅನ್ನುವುದೇ ಅವರಿಗೆ ದೊಡ್ಡದು.

ನಿಮ್ಮ ಅನುಭವ ಹೇಳಿ. ಒಪ್ಪದಿದ್ದರೆ ಅದನ್ನೂ ಹೇಳಿ.

ಇಬ್ಬರ ಅಪ್ಪ:

ಮೇಡಂ, ಮಾತು ಕೇಳಲು ಚೆನ್ನಾಗಿದೆ. ಆದರೆ ನನ್ನ ಮಗ ಯಾರ ಜೊತೆ ಚಾಟ್ ಮಾಡುತ್ತಿದ್ದಾನೆ ಅಂತ ಗೊತ್ತಾದ ಮೇಲೂ ಫೋನ್ ಅವನ ಕೈಯಲ್ಲೇ ಬಿಡಬೇಕಾ? ಮನೆಗೆ ಕಳ್ಳ ಬಂದರೆ ಬಾಗಿಲು ಹಾಕಬೇಕಲ್ವಾ?

ಬುಲ್ಲಿಯಿಂಗ್ ವಿಷಯದಲ್ಲೂ ನನ್ನ ಅಭಿಪ್ರಾಯ ನೇರ. ಒಂದು ಸಲ ತಿರುಗಿಸಿ ಕೊಟ್ಟರೆ ಮತ್ತೆ ಬರಲ್ಲ. ನಮ್ಮ ಕಾಲದಲ್ಲಿ ಹೀಗೇ ಇತ್ತು. ಈಗ ಮಕ್ಕಳನ್ನು ಜಾಸ್ತಿ ಮೆತ್ತಗೆ ಬೆಳೆಸುತ್ತಿದ್ದೇವೆ.

ಹಳೇ ಮೇಷ್ಟ್ರು:

ನಾನು ನಿವೃತ್ತ ಶಿಕ್ಷಕ. ತರಗತಿಯಲ್ಲಿ ಕಂಡದ್ದನ್ನು ಹೇಳುತ್ತೇನೆ.

ತಿರುಗಿಸಿ ಹೊಡೆಯಬಲ್ಲ ಹುಡುಗನ ತಂಟೆಗೆ ಯಾರೂ ಮೊದಲೇ ಹೋಗಿರುವುದಿಲ್ಲ ಸರ್. ಇದೇ ಈ ಪಿಡುಗಿನ ಗುಟ್ಟು. ಸ್ವೀಡನ್‌ನಲ್ಲಿ ಹುಟ್ಟಿ ನಾರ್ವೆಯಲ್ಲಿ ಕೆಲಸ ಮಾಡಿದ ಡಾನ್ ಓಲ್ವಿಯಸ್ ಈ ವಿಷಯವನ್ನು ಮೊದಲು ಕ್ರಮವಾಗಿ ಅಧ್ಯಯನ ಮಾಡಿದವರು. ಅವರ ಪ್ರಕಾರ ಮೂರು ಸೇರಿದರೆ ಬುಲ್ಲಿಯಿಂಗ್: ಬೇಕೆಂದೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಇಬ್ಬರ ನಡುವೆ ಬಲ ಸಮ ಇಲ್ಲದಿರುವುದು. ಸಮ ಇದ್ದರೆ ಅದು ಜಗಳ. ಜಗಳಕ್ಕೆ ರಾಜಿ ಮಾಡಿಸಬಹುದು. ಬುಲ್ಲಿಯಿಂಗ್‌ಗೆ ರಾಜಿ ಮಾಡಿಸಿದರೆ ಏನಾಗುತ್ತದೆ ಗೊತ್ತಾ? ಇಬ್ಬರನ್ನೂ ಎದುರು ನಿಲ್ಲಿಸಿ "ಕೈ ಕುಲುಕಿ, ಆಯ್ತು ಬಿಡಿ" ಅನ್ನುತ್ತಾರೆ. ಕಾಟ ಕೊಟ್ಟವನು ನಗುತ್ತಾ ಕೈ ಕೊಡುತ್ತಾನೆ. ಇನ್ನೊಬ್ಬನಿಗೆ ಅವತ್ತೇ ಗೊತ್ತಾಗುತ್ತದೆ, ಮೇಷ್ಟ್ರಿಗೆ ಹೇಳಿಯೂ ಉಪಯೋಗ ಇಲ್ಲ ಅಂತ. ಆಮೇಲೆ ಅವನು ಯಾರಿಗೂ ಹೇಳುವುದಿಲ್ಲ.

ನಾರ್ವೆ ಎಚ್ಚೆತ್ತಿದ್ದೂ ಸುಮ್ಮನೆ ಅಲ್ಲ. 1982ರ ಕೊನೆಯಲ್ಲಿ ಅಲ್ಲಿ ಮೂವರು ಹುಡುಗರು ಜೀವ ಕಳೆದುಕೊಂಡರು. ಜೊತೆಯವರ ಕಾಟವೇ ಕಾರಣ ಅನ್ನುವ ಮಾತು ಬಂತು. 1983ರಲ್ಲಿ ಸರ್ಕಾರ ದೇಶಾದ್ಯಂತ ಅಭಿಯಾನ ಶುರು ಮಾಡಿತು. ಓಲ್ವಿಯಸ್ ಬರ್ಗೆನ್ ನಗರದ ಸುಮಾರು 2,500 ಮಕ್ಕಳ ಮೇಲೆ ಕಣ್ಣಿಟ್ಟು ನೋಡಿದರು. ಅಲ್ಲಿ ಬುಲ್ಲಿಯಿಂಗ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬೇರೆ ಕಡೆ ಮಾಡಿದಾಗ ಅಷ್ಟು ಇಳಿಯಲಿಲ್ಲ, ಅದನ್ನೂ ಹೇಳಬೇಕು. ಟೋಫಿ ಮತ್ತು ಫಾರಿಂಗ್ಟನ್ 2011ರಲ್ಲಿ ಹಲವು ದೇಶಗಳ ಕಾರ್ಯಕ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿ ಐದರಲ್ಲೊಂದು ಭಾಗ ಕಡಿಮೆಯಾಗಿತ್ತು.

ಬರ್ಗೆನ್‌ನಲ್ಲಿ ಏನು ಮಾಡಿದರು ಅಂತ ಕೇಳಿದರೆ ದೊಡ್ಡ ವಿದ್ಯೆಯೇನಲ್ಲ. ಬಿಡುವಿನಲ್ಲಿ ದೊಡ್ಡವರು ಮಕ್ಕಳ ನಡುವೆ ಓಡಾಡಿದರು. ಕಾಟ ನಡೆಯುವುದು ಎಲ್ಲೆಲ್ಲೋ ಅಲ್ಲ. ಶೌಚಾಲಯದ ಹಿಂದೆ, ಮೆಟ್ಟಿಲ ತಿರುವಿನಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ. ಮಕ್ಕಳನ್ನೇ ಕೇಳಿದರೆ ಶಾಲೆಯ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಕೇಳುವವರು ಬೇಕು ಅಷ್ಟೇ.

ನೀಲಿ ಬಾಗಿಲು:

ಮೇಷ್ಟ್ರೇ, ನನ್ನ ಮಗಳಿಗೆ ಹನ್ನೆರಡು. ಯಾರೂ ಹೊಡೆದಿಲ್ಲ, ಬೈದಿಲ್ಲ. ತರಗತಿಯ ಹುಡುಗಿಯರೆಲ್ಲ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದಾರೆ, ಇವಳನ್ನು ಬಿಟ್ಟು. ಇವಳು ಹತ್ತಿರ ಬಂದರೆ ಮಾತು ನಿಲ್ಲಿಸುತ್ತಾರೆ. ಶಾಲೆಯಲ್ಲಿ ಹೇಳಿದರೆ "ಯಾರು ಯಾರ ಜೊತೆ ಮಾತಾಡಬೇಕು ಅಂತ ನಾವು ಹೇಳೋಕಾಗಲ್ಲ ಮೇಡಂ" ಅಂದರು. ಅವಳು ಈಗ ಊಟದ ಹೊತ್ತಿನಲ್ಲಿ ಲೈಬ್ರರಿಗೆ ಹೋಗಿ ಕೂರುತ್ತಾಳೆ. ಜೊತೆಗೆ ಒಂದು ಗೇಮ್‌ನಲ್ಲಿ ಯಾರೋ ಪರಿಚಯವಾಗಿದ್ದಾರೆ. "ಅವರೊಬ್ಬರೇ ನನ್ನ ಫ್ರೆಂಡ್" ಅನ್ನುತ್ತಾಳೆ. ನನಗೆ ಹೆದರಿಕೆ ಇರುವುದು ಈ ಎರಡನೆಯದರ ಬಗ್ಗೆ. ಕಾಡುಮಲ್ಲಿಗೆ ಅವರ ಬರಹ ಓದಿ ರಾತ್ರಿ ನಿದ್ದೆ ಬರಲಿಲ್ಲ.

ಕಾಡುಮಲ್ಲಿಗೆ:

ನೀಲಿ ಬಾಗಿಲು, ಮೊದಲು ಒಂದು ಒಳ್ಳೆಯ ಸಂಗತಿ. ಅವಳು ನಿಮಗೆ ಹೇಳಿದ್ದಾಳೆ. ಆ ಫ್ರೆಂಡ್ ಬಗ್ಗೆಯೂ ಹೇಳಿದ್ದಾಳೆ. ಎಳೆ ಇನ್ನೂ ಗಟ್ಟಿಯಾಗಿದೆ. ನೀವು ಈಗ ಮಾಡುವುದೆಲ್ಲ ಅದನ್ನು ಉಳಿಸಿಕೊಳ್ಳುವ ಹಾಗಿರಬೇಕು.

ಆ ಫ್ರೆಂಡ್ ನಿಜವಾಗಿಯೂ ಅವಳ ವಯಸ್ಸಿನ ಒಂದು ಹುಡುಗಿಯೇ ಇರಬಹುದು. ಹಾಗಿದ್ದರೆ ಅದು ಒಳ್ಳೆಯದೇ. ಆದ್ದರಿಂದ ಪೊಲೀಸರ ಹಾಗೆ ವಿಚಾರಣೆ ಬೇಡ. "ಏನು ಆಡ್ತೀರಿ, ನನಗೂ ತೋರಿಸು" ಅಂತ ಪಕ್ಕ ಕೂತುಕೊಳ್ಳಿ. ನಾಲ್ಕು ವಿಷಯ ಕಿವಿಗೆ ಬೀಳುತ್ತವೆಯಾ ನೋಡಿ. ಗೇಮ್‌ನ ಚಾಟ್ ಬಿಟ್ಟು ಬೇರೆ ಆ್ಯಪ್‌ಗೆ ಬಾ ಅಂದಿದ್ದಾರಾ. "ಇದು ನಮ್ಮಿಬ್ಬರ ಮಧ್ಯೆ ಇರಲಿ, ಮನೆಯಲ್ಲಿ ಹೇಳಬೇಡ" ಅಂದಿದ್ದಾರಾ. ಏನಾದರೂ ಉಡುಗೊರೆ, ಗೇಮ್‌ನ ಕಾಯಿನ್ ಕೊಟ್ಟಿದ್ದಾರಾ. ಫೋಟೊ ಕೇಳಿದ್ದಾರಾ. ಇದರಲ್ಲಿ ಗುಟ್ಟು ಮಾಡು ಅನ್ನುವ ಮಾತೇ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು. ಒಳ್ಳೆಯ ಗೆಳೆತನಕ್ಕೆ ಅಮ್ಮನಿಂದ ಮುಚ್ಚಿಡುವ ಅಗತ್ಯ ಇರುವುದಿಲ್ಲ. ಇದನ್ನು ಅವಳಿಗೂ ಹೇಳಿ, ಬೈಗುಳದ ದನಿಯಲ್ಲಿ ಅಲ್ಲ.

ಇಬ್ಬರ ಅಪ್ಪ ಕೇಳಿದ ಪ್ರಶ್ನೆಗೂ ಇಲ್ಲೇ ಉತ್ತರ ಹೇಳುತ್ತೇನೆ. ಅಪಾಯ ಕಣ್ಣಿಗೆ ಕಂಡರೆ ಆ ಸಂಪರ್ಕ ನಿಲ್ಲಿಸಲೇಬೇಕು ಸರ್, ಅದರಲ್ಲಿ ಎರಡು ಮಾತಿಲ್ಲ. ನಿಲ್ಲಿಸಬೇಕಾದದ್ದು ಆ ವ್ಯಕ್ತಿಯ ಸಂಪರ್ಕವನ್ನು, ಮಗನಿಗೆ ಹೊರಗಿನ ಜಗತ್ತಿನ ಜೊತೆ ಇರುವ ಸಂಪರ್ಕವನ್ನೆಲ್ಲ ಅಲ್ಲ. ಫೋನ್ ಹೋಗುತ್ತದೆ ಅಂತ ಗೊತ್ತಿದ್ದರೆ ಯಾವ ಮಗು ಬಾಯಿ ಬಿಡುತ್ತದೆ? "ನೀನು ಏನೇ ಹೇಳಿದರೂ, ಹೇಳಿದ್ದಕ್ಕಾಗಿ ಶಿಕ್ಷೆ ಇಲ್ಲ" ಅಂತ ಒಂದು ಮಾತು ಮನೆಯಲ್ಲಿ ಮೊದಲೇ ಕೊಟ್ಟಿರಬೇಕು. ಕೊಟ್ಟ ಮೇಲೆ ಉಳಿಸಿಕೊಳ್ಳಲೂಬೇಕು.

ಇದು ಯಾಕೆ ಮುಖ್ಯ ಅಂದರೆ, ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2023ರಲ್ಲಿ ಆನ್‌ಲೈನ್ ಗುಂಪುಗಳ ಬಗ್ಗೆ ಒಂದು ಎಚ್ಚರಿಕೆ ಕೊಟ್ಟಿತು. ಆ ಗುಂಪುಗಳ ದಾರಿ ಇದು: ಮನಸ್ಸಿಗೆ ನೋವಿರುವ ಮಕ್ಕಳನ್ನೇ ಹುಡುಕಿ ಸ್ನೇಹ ಮಾಡುವುದು. ಒಂದು ಫೋಟೊ ಪಡೆಯುವುದು. ಆಮೇಲೆ ಅದನ್ನೇ ಇಟ್ಟುಕೊಂಡು ಬೆದರಿಸಿ, ಮಕ್ಕಳು ತಮ್ಮ ಮೈಯನ್ನು ತಾವೇ ಗಾಯ ಮಾಡಿಕೊಳ್ಳುವ ಹಾಗೆ ಮಾಡುವುದು. ಇವುಗಳಲ್ಲಿ ಗ್ಯಾಂಗ್ ಯಾವುದು, ಕಲ್ಟ್ ಯಾವುದು, ಬುಲ್ಲಿಯಿಂಗ್ ಯಾವುದು ಅಂತ ಬಿಡಿಸಿ ಹೇಳಲೇ ಆಗುವುದಿಲ್ಲ. ಆ ಬೆದರಿಕೆ ನಡೆಯುವುದು ಒಂದೇ ಒಂದು ನಂಬಿಕೆಯ ಮೇಲೆ: ಅಪ್ಪ ಅಮ್ಮನಿಗೆ ಗೊತ್ತಾದರೆ ನನ್ನ ಕಥೆ ಮುಗಿಯಿತು. ಆ ಭಯ ಮಗುವಿಗೆ ಇಲ್ಲದಿದ್ದರೆ ಬೆದರಿಕೆಗೆ ಬಲವೇ ಇಲ್ಲ.

ಈಗಾಗಲೇ ಅಂಥ ಫೋಟೊ ಹೋಗಿದ್ದರೆ ಹಣ ಕೊಡಬೇಡಿ, ಇನ್ನೊಂದು ಫೋಟೊ ಕೊಡಬೇಡಿ, ಚಾಟ್ ಅಳಿಸಬೇಡಿ. ಅದೇ ಸಾಕ್ಷಿ. ಪೊಲೀಸರಿಗೆ ದೂರು ಕೊಡಿ. 18 ವರ್ಷದೊಳಗಿದ್ದಾಗ ತೆಗೆದ ಬೆತ್ತಲೆ ಚಿತ್ರಗಳಿಗೆ 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಅಮೆರಿಕದ ಕಾಣೆಯಾದ ಮತ್ತು ಶೋಷಿತ ಮಕ್ಕಳ ರಾಷ್ಟ್ರೀಯ ಕೇಂದ್ರ ನಡೆಸುತ್ತದೆ. ಬೇರೆ ದೇಶದವರೂ ಬಳಸಬಹುದು. ಚಿತ್ರ ನಿಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ. ಇದರಲ್ಲಿ ಸೇರಿರುವ ಕಂಪನಿಗಳು ತಮ್ಮಲ್ಲಿ ಅದೇ ಚಿತ್ರ ಕಂಡರೆ ತೆಗೆಯುತ್ತವೆ.

ರಾತ್ರಿಪಾಳಿ:

ನಾನು ಗ್ಯಾಂಗ್ ಬಿಟ್ಟು ಬಂದ ಹುಡುಗರ ಜೊತೆ ಕೆಲಸ ಮಾಡುವವನು. ಅಕ್ಕ ಹೇಳಿದ್ದಕ್ಕೆ ನನ್ನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಹುಡುಗರು ಚಾಕು ನೋಡಿ ಗ್ಯಾಂಗ್ ಸೇರುವುದಿಲ್ಲ. ಸೇರುವ ವಯಸ್ಸು ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದು. ಆ ವಯಸ್ಸಿನಲ್ಲಿ ಒಬ್ಬ ದೊಡ್ಡ ಹುಡುಗ "ನಮ್ಮ ಹುಡುಗ ಇವನು, ಯಾರಾದರೂ ಮುಟ್ಟಿ ನೋಡಿ" ಅಂದರೆ ಸಾಕು. ಎಷ್ಟೋ ಜನ ಸೇರಿರುವುದು ಶಾಲೆಯಲ್ಲಿ ತಿಂದ ಏಟಿನಿಂದ ತಪ್ಪಿಸಿಕೊಳ್ಳುವುದಕ್ಕೇ. ಬುಲ್ಲಿಯಿಂಗ್‌ನಿಂದ ಗ್ಯಾಂಗಿಗೆ ನೇರ ದಾರಿ ಇದೆ. ಆ ಮೊದಲ ದೂರನ್ನು ಯಾರಾದರೂ ಕೇಳಿಸಿಕೊಂಡಿದ್ದರೆ ನನ್ನ ಹತ್ತಿರ ಬರುವ ಹುಡುಗರಲ್ಲಿ ತುಂಬಾ ಜನ ಬರುತ್ತಲೇ ಇರಲಿಲ್ಲ ಅನ್ನುವುದು ನನ್ನ ನಂಬಿಕೆ.

ಮೊದಲು ಕೊಡುತ್ತಾರೆ. ಶೂ, ಫೋನ್, ಸುತ್ತಾಟ. ಆಮೇಲೆ ಒಂದು ಸಣ್ಣ ಕೆಲಸ, "ಈ ಪೊಟ್ಟಣ ಅಲ್ಲಿಗೆ ಕೊಟ್ಟು ಬಾ". ಆಮೇಲೆ ಸಾಲ. ಬ್ರಿಟನ್‌ನಲ್ಲಿ ನಗರದ ಡ್ರಗ್ಸ್ ಗ್ಯಾಂಗುಗಳು ಮಕ್ಕಳ ಕೈಯಲ್ಲಿ ಸಣ್ಣ ಊರುಗಳಿಗೆ ಮಾಲು ಕಳಿಸುತ್ತವೆ. ಅದನ್ನು ಅಲ್ಲಿ 'ಕೌಂಟಿ ಲೈನ್ಸ್' ಅನ್ನುತ್ತಾರೆ. ಅದರಲ್ಲಿ ಒಂದು ನೀಚ ತಂತ್ರ ಇದೆ. ಮಾಲು ಹೊತ್ತ ಹುಡುಗನನ್ನು ಗ್ಯಾಂಗಿನವರೇ ಬೇರೆಯವರಿಂದ ದರೋಡೆ ಮಾಡಿಸುತ್ತಾರೆ. ಆಮೇಲೆ "ಕಳೆದದ್ದು ನೀನು, ದುಡ್ಡು ತೀರಿಸು" ಅನ್ನುತ್ತಾರೆ. ಹದಿಮೂರರ ಹುಡುಗ ಎಲ್ಲಿಂದ ತೀರಿಸುತ್ತಾನೆ? ದುಡಿದು ತೀರಿಸುತ್ತಾನೆ. ಅದು ಎಂದೂ ತೀರುವುದಿಲ್ಲ. ಅಂಥ ಹುಡುಗನನ್ನು ಬರೀ ಅಪರಾಧಿ ಅಂತ ನೋಡಿದರೆ ಗ್ಯಾಂಗಿಗೇ ಲಾಭ. ಅವನು ಬಲಿಪಶುವೂ ಹೌದು.

ಮನೆಯಲ್ಲಿ ಗಮನಿಸಬೇಕಾದದ್ದು ಕೂದಲು, ಬಟ್ಟೆ, ಹಾಡು ಅಲ್ಲ. ಲೆಕ್ಕ ಸಿಗದ ದುಡ್ಡು ಮತ್ತು ವಸ್ತು. ಎರಡನೇ ಫೋನ್. ಹೇಳದೆ ರಾತ್ರಿ ಹೊರಗಿರುವುದು. ಹಳೆಯ ಗೆಳೆಯರನ್ನು ಒಮ್ಮೆಲೇ ಬಿಟ್ಟಿರುವುದು. ಕೇಳಿದರೆ ಸಿಟ್ಟಿಗಿಂತ ಮುಖದಲ್ಲಿ ಹೆದರಿಕೆ ಕಾಣುವುದು.

ಇನ್ನೊಂದು ಮಾತು. "ಜೈಲು ತೋರಿಸಿಕೊಂಡು ಬನ್ನಿ, ಬುದ್ಧಿ ಬರುತ್ತೆ" ಅಂತ ಸಲಹೆ ಕೊಡುವವರು ತುಂಬಾ ಜನ. ಅಮೆರಿಕದಲ್ಲಿ 1970ರ ದಶಕದಿಂದ ಇದನ್ನು ಮಾಡಿ ನೋಡಿದ್ದಾರೆ. ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಕಿರುಚಿಸಿ ಹೆದರಿಸುವುದು. ಆಂಥೊನಿ ಪೆಟ್ರೊಸಿನೊ ಮತ್ತು ಜೊತೆಗಾರರು ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಹೆದರಿಸಿದ ಹುಡುಗರು, ಹೆದರಿಸದೆ ಬಿಟ್ಟವರಿಗಿಂತ ಜಾಸ್ತಿ ಅಪರಾಧ ಮಾಡಿದ್ದರು. ದಾರಿ ತಪ್ಪುತ್ತಿರುವ ಹುಡುಗರನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿ ಪಾಠ ಮಾಡುವುದೂ ಅಷ್ಟೇ. ಒಬ್ಬರಿಂದ ಒಬ್ಬರು ಕಲಿಯುತ್ತಾರೆ. 1999ರಲ್ಲಿ ಥಾಮಸ್ ಡಿಷನ್ ಮತ್ತು ಜೋನ್ ಮೆಕಾರ್ಡ್ ಮೊದಲಾದವರು ಇದನ್ನು ಬರೆದು ತೋರಿಸಿದ್ದಾರೆ.

ಒಂದು ಸಮಾಧಾನ ಇದೆ. ಸೇರಿದವರೆಲ್ಲ ಅಲ್ಲೇ ಉಳಿಯುವುದಿಲ್ಲ. ಹೆಚ್ಚಿನವರು ಒಂದೆರಡು ವರ್ಷದೊಳಗೆ ಹೊರಬರುತ್ತಾರೆ. ಹೊರಬರುವಾಗ ಹೋಗುವುದಕ್ಕೆ ಒಂದು ಮನೆ ಇರಬೇಕು. "ಇನ್ನು ನಿನಗೂ ನಮಗೂ ಸಂಬಂಧ ಇಲ್ಲ" ಅಂತ ಹೇಳಿ ಆ ಮನೆಯ ಬಾಗಿಲು ಹಾಕಬೇಡಿ.

ಇಬ್ಬರ ಅಪ್ಪ:

ಜೈಲಿನ ವಿಷಯ ನನಗೆ ಗೊತ್ತಿರಲಿಲ್ಲ. ಹೆದರಿಸಿದರೆ ಉಲ್ಟಾ ಆಗುತ್ತದೆ ಅನ್ನುವುದನ್ನು ನಂಬಲು ಕಷ್ಟ, ಆದರೆ ನೀವು ದಿನಾ ನೋಡುವವರು.

ಹಾಗಾದರೆ ಕಾಟ ಕೊಡುವ ಹುಡುಗನಿಗೆ ಏನೂ ಮಾಡಬಾರದಾ? ಶಾಲೆಯಿಂದ ತೆಗೆದುಹಾಕಬಾರದಾ? ನೊಂದ ಮಗುವಿಗೆ ನ್ಯಾಯ ಬೇಡ್ವಾ?

ಹಳೇ ಮೇಷ್ಟ್ರು:

ಬೇಕು ಸರ್. ಕಾಟ ಕೊಟ್ಟವನಿಗೆ ತಾನು ಮಾಡಿದ್ದು ಗೊತ್ತಾಗಿದೆ, ನಾಳೆ ಮಾಡಿದರೂ ಗೊತ್ತಾಗುತ್ತದೆ ಅನ್ನುವುದು ಖಚಿತವಾಗಿ ತಿಳಿಯಬೇಕು. ಅವನ ಮನೆಯವರಿಗೂ ತಿಳಿಯಬೇಕು. ಮಾಡಿದ್ದಕ್ಕೆ ಪರಿಣಾಮ ಇರಬೇಕು. ನೊಂದ ಮಗುವಿನ ಸುರಕ್ಷತೆಗೆ ಬೇರೆ ದಾರಿಯೇ ಇಲ್ಲದಿದ್ದರೆ ಅವನನ್ನು ಬೇರೆ ಕಡೆಗೆ ಹಾಕಲೂಬೇಕಾಗುತ್ತದೆ. ಆದರೆ ತಪ್ಪು ಮಾಡಿದ ಕೂಡಲೇ ಹೊರಗೆ ಅನ್ನುವ ಕಠಿಣ ನಿಯಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಕಾರ್ಯಪಡೆ 2008ರಲ್ಲಿ ಪರಿಶೀಲಿಸಿತು. ಅದರಿಂದ ಶಾಲೆಗಳು ಸುರಕ್ಷಿತವಾದವು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಶಾಲೆಯಿಂದ ಹೊರಬಿದ್ದ ಹುಡುಗನನ್ನು ಯಾರು ಬರಮಾಡಿಕೊಳ್ಳುತ್ತಾರೆ ಅಂತ ರಾತ್ರಿಪಾಳಿಯವರು ಈಗಷ್ಟೇ ಹೇಳಿದ್ದಾರೆ.

ನಾನು ಇದಕ್ಕಿಂತ ಜಾಸ್ತಿ ನಂಬುವುದು ಸುತ್ತ ನಿಂತ ಮಕ್ಕಳನ್ನು. ಫಿನ್ಲೆಂಡಿನ ಕ್ರಿಸ್ಟಿನಾ ಸಾಲ್ಮಿವಲ್ಲಿ 1996ರಲ್ಲಿ ಒಂದು ಚೆಂದದ ಅಧ್ಯಯನ ಮಾಡಿದರು. ಕಾಟ ಅನ್ನುವುದು ಇಬ್ಬರ ನಡುವಿನ ವ್ಯವಹಾರ ಅಲ್ಲ ಅಂತ ತೋರಿಸಿದರು. ಒಬ್ಬ ಶುರು ಮಾಡುತ್ತಾನೆ, ಒಬ್ಬ ಜೊತೆಗೂಡುತ್ತಾನೆ, ನಾಲ್ಕು ಜನ ನಗುತ್ತಾರೆ, ಉಳಿದವರು ಬೇರೆ ಕಡೆ ನೋಡುತ್ತಾರೆ. ಎಲ್ಲೋ ಒಬ್ಬರು ಪರ ನಿಲ್ಲುತ್ತಾರೆ. ನಗುವವರು ನಗುವುದು ನಿಲ್ಲಿಸಿದರೆ ಶುರು ಮಾಡಿದವನಿಗೆ ಅದರಲ್ಲಿ ಸುಖವೇ ಇಲ್ಲ. ಬುಲ್ಲಿಯಿಂಗ್ ತಡೆಯಲು ಅವರ ತಂಡ ಕಟ್ಟಿದ 'ಕಿವಾ' ಕಾರ್ಯಕ್ರಮ ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ಕೆನಡಾದಲ್ಲಿ ಆಟದ ಮೈದಾನಗಳನ್ನು ವಿಡಿಯೊ ಮಾಡಿ ನೋಡಿದ ಅಧ್ಯಯನ 2001ರಲ್ಲಿ ಬಂತು. ಕಾಟ ನಡೆದಾಗ ಹತ್ತರಲ್ಲಿ ಸುಮಾರು ಒಂಬತ್ತು ಸಲ ಬೇರೆ ಮಕ್ಕಳು ಅಲ್ಲೇ ಇದ್ದರು. ಐದರಲ್ಲಿ ಒಂದು ಸಲ ಮಾತ್ರ ಯಾರಾದರೂ ಅಡ್ಡ ಬಂದರು. ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತು. ಹತ್ತೇ ಸೆಕೆಂಡು!

ಅಂದಮಾತ್ರಕ್ಕೆ ಮಕ್ಕಳನ್ನು ಮಧ್ಯೆ ಧುಮುಕಿಸಬಾರದು. ಏಟು ತಿನ್ನುವ ಅಪಾಯ ಇರುವ ಕಡೆ ದೊಡ್ಡವರನ್ನು ಕರೆಯಲಿ. ಉಳಿದ ಕಡೆ ಹೋಗಿ ಜೊತೆಗೆ ನಿಲ್ಲಲಿ, "ಬಾರೋ, ಆಟಕ್ಕೆ ಹೋಗೋಣ" ಅಂತ ಅವನನ್ನು ಅಲ್ಲಿಂದ ಕರೆದುಕೊಂಡು ಬರಲಿ. ಆಮೇಲೆ ಬಂದು "ನಿನಗೆ ಹಾಗೆ ಮಾಡಿದ್ದು ಸರಿಯಲ್ಲ" ಅಂತ ಹೇಳಿದರೂ ಅದು ದೊಡ್ಡದೇ.

ಸುಮ್ನೆ ಓದುವವಳು:

ಇಲ್ಲಿ ಎಲ್ಲರೂ ದೊಡ್ಡವರು ಅನ್ಸುತ್ತೆ. ನನಗೆ ಹದಿನೇಳು. ಮಾತಾಡಬಹುದಾ?

ನಾವು ಯಾಕೆ ಹೇಳುವುದಿಲ್ಲ ಅಂತ ಹೇಳುತ್ತೇನೆ. ಹೇಳಿದರೆ ಅಮ್ಮ ಅಳುತ್ತಾರೆ, ಆಮೇಲೆ ಅವರನ್ನು ಸಮಾಧಾನ ಮಾಡುವ ಕೆಲಸವೂ ನಮ್ಮದೇ. ಅಪ್ಪ ಆಗಲೇ ಫೋನ್ ತೆಗೆದು ಶಾಲೆಗೆ ಕೂಗಾಡುತ್ತಾರೆ. ಮಾರನೇ ದಿನ ಇಡೀ ಕ್ಲಾಸಿಗೆ ಗೊತ್ತಿರುತ್ತದೆ. "ನೀನೇ ಏನಾದರೂ ಮಾಡಿರಬೇಕು" ಅನ್ನುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. "ಅದನ್ನೆಲ್ಲ ತಲೆಗೆ ಹಾಕೋಬೇಡ" ಅನ್ನುವುದೂ ಅದರ ತಂಗಿಯೇ.

ನನಗೆ ಕೆಲಸ ಮಾಡಿದ್ದು ನಮ್ಮ ಚಿಕ್ಕಮ್ಮ. ಅವರು ಪೂರ್ತಿ ಕೇಳಿಸಿಕೊಂಡರು. "ಹೇಳಿದ್ದು ಒಳ್ಳೆಯದಾಯ್ತು. ಈಗ ನಾನು ಏನು ಮಾಡಬೇಕು ಅಂತ ನಿನಗೆ ಅನ್ಸುತ್ತೆ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಆದರೆ ಕೇಳಿದರಲ್ಲ! ಶಾಲೆಗೆ ಹೇಳಲೇಬೇಕು ಅನ್ನಿಸಿದಾಗಲೂ ನನಗೆ ಮೊದಲು ತಿಳಿಸಿ, ಯಾವಾಗ, ಯಾರಿಗೆ ಅಂತ ಇಬ್ಬರೂ ಕೂತು ಮಾತಾಡಿಯೇ ಹೋದರು.

ಕಾಡುಮಲ್ಲಿಗೆ:

ಪುಟ್ಟಿ, ನೀನು ಬರೆದದ್ದು ಈ ಚರ್ಚೆಯಲ್ಲಿ ಎಲ್ಲಕ್ಕಿಂತ ಬೆಲೆ ಇರುವ ಮಾತು.

ಅಪ್ಪ ಅಮ್ಮನೇ ಆಗಬೇಕು ಅಂತಿಲ್ಲ ಅನ್ನುವುದನ್ನು ಎಲ್ಲರೂ ಗಮನಿಸಿ. ಎಮ್ಮಿ ವರ್ನರ್ ಮತ್ತು ಜೊತೆಗಾರರು ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಕುಡಿತ, ಮನೆಯೊಳಗಿನ ಗಲಾಟೆ ಇಂಥವುಗಳ ನಡುವೆ ಬೆಳೆದ ಮಕ್ಕಳಲ್ಲಿ ಮೂರರಲ್ಲಿ ಒಬ್ಬರು ಸರಿಯಾಗಿಯೇ ಬೆಳೆದು ನಿಂತರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡುಬಂದದ್ದು ತಮ್ಮನ್ನು ಕೈಬಿಡದ ಒಬ್ಬ ದೊಡ್ಡವರು. ಎಷ್ಟೋ ಕಡೆ ಅದು ಅಜ್ಜಿ, ಅತ್ತೆ, ಟೀಚರ್, ಪಕ್ಕದ ಮನೆಯವರು. ನಿಮ್ಮ ಮಗುವಿಗೆ ನಿಮ್ಮನ್ನು ಬಿಟ್ಟು ಅಂಥ ಇನ್ನೊಬ್ಬರು ಯಾರಿದ್ದಾರೆ ಅಂತ ಯೋಚಿಸಿ. ಇಲ್ಲದಿದ್ದರೆ ಈಗಲೇ ಹುಡುಕಿ. ಅವರು ನಿಮಗೂ ನಂಬಿಕೆ ಇರುವವರಾಗಿರಲಿ.

ಹೆಸರು ಬೇಡ:

ಕಲ್ಟ್ ಬಗ್ಗೆ ಯಾರೂ ಬರೆದಿಲ್ಲ. ನನ್ನ ತಮ್ಮ ಅಂಥ ಒಂದು ಗುಂಪಿನಲ್ಲಿದ್ದಾನೆ. ಹೆಸರು ಹೇಳುವುದಿಲ್ಲ.

ಅವನು ದಡ್ಡ ಅಲ್ಲ. ಓದುವುದರಲ್ಲಿ ಮುಂದೆ. ಜನ "ಅಷ್ಟು ಬುದ್ಧಿ ಇರಲಿಲ್ವಾ" ಅಂದಾಗ ನನಗೆ ಸಂಕಟವಾಗುತ್ತದೆ. 1995ರ ಮಾರ್ಚ್ 20ರಂದು ಟೋಕಿಯೊ ಸುರಂಗ ರೈಲಿನಲ್ಲಿ ವಿಷಾನಿಲ ಬಿಟ್ಟ ಓಮ್ ಶಿನ್ರಿಕ್ಯೊ ಗುಂಪಿನಲ್ಲಿ ವೈದ್ಯರಿದ್ದರು, ವಿಜ್ಞಾನ ಓದಿದವರಿದ್ದರು. 1978ರ ನವೆಂಬರ್ 18ರಂದು ಗಯಾನಾದ ಜೋನ್ಸ್‌ಟೌನ್‌ನಲ್ಲಿ 900ಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಸುಮಾರು 300 ಮಕ್ಕಳು. ಆ ಮಕ್ಕಳಲ್ಲಿ ಯಾರೂ ತಾವಾಗಿ ಸೇರಿದವರಲ್ಲ. ಕಲ್ಟ್ ಅಂದಾಗ ದಾರಿ ತಪ್ಪಿದ ಯುವಕರನ್ನೇ ನೆನೆಯುತ್ತಾರೆ. ಅದರೊಳಗೇ ಹುಟ್ಟಿ, ಹೊರಗೆ ಒಬ್ಬ ಅಜ್ಜ ಅಜ್ಜಿಯ ಮುಖವನ್ನೂ ನೋಡದೆ ಬೆಳೆಯುವ ಮಕ್ಕಳನ್ನು ಯಾರೂ ನೆನೆಯುವುದಿಲ್ಲ.

ಗುಂಪು ಯಾವ ದೇವರನ್ನು ನಂಬುತ್ತದೆ ಅನ್ನುವುದು ನನಗೆ ಮುಖ್ಯ ಅಲ್ಲ. ವಿಚಿತ್ರ ನಂಬಿಕೆ ಇರುವವರೆಲ್ಲ ಕೆಟ್ಟವರಲ್ಲ. ದೇವರೇ ಇಲ್ಲದ ಗುಂಪುಗಳೂ ಹೀಗೆ ಮಾಡುತ್ತವೆ. ನಾನು ನೋಡುವುದು ಇಷ್ಟನ್ನು. ಪ್ರಶ್ನೆ ಕೇಳಬಹುದಾ? ಬಿಟ್ಟು ಹೋಗಬಹುದಾ? ಹೋದವರ ಬಗ್ಗೆ ಏನು ಮಾತಾಡುತ್ತಾರೆ? ಹೊರಗಿನವರ ಜೊತೆ ಸ್ನೇಹ ಇಟ್ಟುಕೊಳ್ಳಬಹುದಾ? ಮೊದಲ ವಾರವೇ ಅಷ್ಟೊಂದು ಪ್ರೀತಿ, ಅಷ್ಟೊಂದು ಹೊಗಳಿಕೆ ಸುರಿಸಿದರೆ ಅದನ್ನೂ ಗಮನಿಸಿ.

ನಮ್ಮ ಮನೆಯಲ್ಲಿ ಅಪ್ಪ "ಅವನನ್ನು ಎತ್ತಿಕೊಂಡು ಬಂದು ಕೂಡಿಹಾಕೋಣ" ಅನ್ನುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಬೇರೆ ಏನು ಮಾಡಬೇಕು ಅಂತಲೂ ಗೊತ್ತಿಲ್ಲ. ಅವನಿಗೀಗ ಇಪ್ಪತ್ತು ತುಂಬಿದೆ. ಸೇರಿದಾಗ ಹದಿನಾರು.

ಕಾಡುಮಲ್ಲಿಗೆ:

ಎತ್ತಿಕೊಂಡು ಬರುವುದನ್ನು ಅಮೆರಿಕದಲ್ಲಿ 1970ರ ದಶಕದಲ್ಲಿ ಮಾಡಿದ್ದರು. ಮನೆಯವರೇ ಹಣ ಕೊಟ್ಟು ಮಗ, ಮಗಳನ್ನು ಅಪಹರಿಸಿ, ಕೋಣೆಯಲ್ಲಿ ಕೂಡಿಹಾಕಿ, ದಿನಗಟ್ಟಲೆ ವಾದ ಮಾಡಿಸುತ್ತಿದ್ದರು. ಕೆಲವರು ಹೊರಬಂದರು. ಕೆಲವರು ತಪ್ಪಿಸಿಕೊಂಡು ಮತ್ತೆ ಗುಂಪಿಗೇ ಹೋದರು, ಮನೆಯವರನ್ನು ಶಾಶ್ವತವಾಗಿ ಬಿಟ್ಟರು. ಪ್ರಕರಣಗಳು ನ್ಯಾಯಾಲಯಕ್ಕೂ ಹೋದವು. ನಿಮ್ಮ ತಮ್ಮ ವಯಸ್ಕ, ಇದು ಕಾನೂನಿಗೂ ವಿರುದ್ಧ. ಅದಕ್ಕಿಂತ ಹೆಚ್ಚಾಗಿ "ಹೊರಗಿನವರು ನಿನ್ನ ಶತ್ರುಗಳು" ಅಂತ ಗುಂಪು ಹೇಳಿದ್ದನ್ನು ಅಪ್ಪ ನಿಜ ಮಾಡಿ ತೋರಿಸಿದಂತೆ ಆಗುತ್ತದೆ.

ಧೈರ್ಯ ಬರುವ ಒಂದು ಸಂಗತಿ ಇದೆ. ಐಲೀನ್ ಬಾರ್ಕರ್ ಅನ್ನುವ ಬ್ರಿಟಿಷ್ ಸಮಾಜಶಾಸ್ತ್ರಜ್ಞೆ ಕೊರಿಯಾದಲ್ಲಿ ಹುಟ್ಟಿದ, ಹಲವರು ಕಲ್ಟ್ ಅಂತ ಕರೆಯುವ ಯೂನಿಫಿಕೇಶನ್ ಚರ್ಚ್ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿ 1984ರಲ್ಲಿ ಪ್ರಕಟಿಸಿದರು. ಆ ಚರ್ಚಿನ ಶಿಬಿರಕ್ಕೆ ಹೋದವರಲ್ಲಿ ಹತ್ತಕ್ಕೆ ಒಂಬತ್ತು ಜನ ಸೇರಲೇ ಇಲ್ಲ. ಸೇರಿದವರಲ್ಲೂ ಬಹುಪಾಲು ಜನ ಒಂದೆರಡು ವರ್ಷದಲ್ಲಿ ತಾವೇ ಬಿಟ್ಟರು. ಯಾರೂ ಎತ್ತಿಕೊಂಡು ಬರಲಿಲ್ಲ. ನಿಮ್ಮ ತಮ್ಮ ಅದಕ್ಕಿಂತ ಜಾಸ್ತಿ ವರ್ಷ ಇದ್ದಾನೆ, ಗೊತ್ತು. ಆದರೂ ಬಾಗಿಲು ಒಳಗಿನಿಂದಲೇ ತೆರೆಯುವುದು ಹೆಚ್ಚು.

ಅವನ ಜೊತೆ ಗುಂಪಿನ ಬಗ್ಗೆ ವಾದ ಬೇಡ. ಅವನ ಗುರುವನ್ನು ಬೈದರೆ ಅವನು ಕಾಪಾಡಲು ನಿಲ್ಲುತ್ತಾನೆ. ಗುಂಪು ಸೇರುವುದಕ್ಕೆ ಮುಂಚಿನ ತಮ್ಮನ ಜೊತೆ ಮಾತಾಡಿ. ಹಳೆಯ ಆಟ, ಹಳೆಯ ನಗು, ಅವನಿಗೆ ಇಷ್ಟವಿದ್ದ ವಿಷಯ. ಉತ್ತರ ಬರದಿದ್ದರೂ ಆಗಾಗ ಸಣ್ಣ ಸಂದೇಶ ಕಳಿಸುತ್ತಿರಿ. ದುಡ್ಡು ಕಳಿಸಬೇಡಿ, ಅದು ಗುಂಪಿಗೆ ಹೋಗುತ್ತದೆ. ಟಿಕೆಟ್ ಬೇಕಾದರೆ ತೆಗೆದುಕೊಡಿ. ಅವನಾಗಿಯೇ ಒಂದು ಅನುಮಾನ ಹೇಳಿಕೊಂಡ ದಿನ "ನಾನು ಆಗಲೇ ಹೇಳಿದ್ದೆ" ಅನ್ನುವ ಮಾತು ನಿಮ್ಮ ಬಾಯಿಂದ ಬರಬಾರದು. ನಿಮ್ಮ ಅಪ್ಪನಿಗೂ ಇದನ್ನು ಹೇಳಿ ಒಪ್ಪಿಸಿ. ಗುಂಪಿನಲ್ಲಿ ಸಣ್ಣ ಮಕ್ಕಳಿಗೆ ಏಟು, ಹಸಿವು, ಲೈಂಗಿಕ ಹಿಂಸೆ ನಡೆಯುತ್ತಿದೆ ಅಂತ ಗೊತ್ತಾದರೆ ಮಾತ್ರ ಕಾಯಬೇಡಿ. ಆಗ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಕ್ಷಣ ತಿಳಿಸಬೇಕು. ಯಾವ ನಂಬಿಕೆಗೂ ಅದರಿಂದ ವಿನಾಯಿತಿ ಇಲ್ಲ.

ನೀಲಿ ಬಾಗಿಲು:

ಎಲ್ಲರಿಗೂ ಧನ್ಯವಾದ. ಮಗಳ ಜೊತೆ ಕೂತು ಗೇಮ್ ಆಡಿದೆ. ಆ ಫ್ರೆಂಡ್ ಸದ್ಯಕ್ಕೆ ಅವಳ ವಯಸ್ಸಿನವಳೇ ಅನ್ನಿಸಿತು, ಧ್ವನಿಯೂ ಕೇಳಿಸಿತು. ಬೇರೆ ಆ್ಯಪ್‌ಗೆ ಕರೆದಿಲ್ಲ. ಆದರೂ ಕಣ್ಣಿಟ್ಟಿದ್ದೇನೆ. ಯಾರಾದರೂ ಫೋಟೊ ಕೇಳಿದರೆ ಮೊದಲು ನನಗೆ ಹೇಳುತ್ತೇನೆ ಅಂದಿದ್ದಾಳೆ.

ಇನ್ನು ಶಾಲೆ. ಸೋಮವಾರ ಮತ್ತೆ ಹೋಗುತ್ತಿದ್ದೇನೆ. ಮೇಷ್ಟ್ರೇ, "ಯಾರ ಜೊತೆ ಮಾತಾಡಬೇಕು ಅಂತ ಹೇಳೋಕಾಗಲ್ಲ" ಅಂದರೆ ಏನು ಹೇಳಲಿ?

ಹಳೇ ಮೇಷ್ಟ್ರು:

ಅಮ್ಮಾ, ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ದಿನಾಂಕ, ಜಾಗ, ಯಾರಿದ್ದರು, ಏನಾಯಿತು. "ತುಂಬಾ ದಿನದಿಂದ ಬೇಜಾರು ಮಾಡ್ತಿದ್ದಾರೆ" ಅಂತ ಬರೆದರೆ ಪಕ್ಕಕ್ಕೆ ಇಡುತ್ತಾರೆ. "ಇಂಥ ದಿನ ಊಟದ ಬಿಡುವಿನಲ್ಲಿ ಇವಳು ಕೂತ ಬೆಂಚಿನಿಂದ ಐವರು ಒಟ್ಟಿಗೆ ಎದ್ದು ಹೋದರು" ಅಂತ ಬರೆದರೆ ಇಡಲಾಗುವುದಿಲ್ಲ. ಮಗಳನ್ನು ಕೇಳಿಯೇ ಬರೆಯಿರಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ, ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

ಸ್ನೇಹ ಮಾಡಿಸಿ ಅಂತ ಕೇಳಬೇಡಿ. ಅದು ನಿಜವಾಗಿಯೂ ಅವರ ಕೈಯಲ್ಲಿಲ್ಲ. ಕೈಯಲ್ಲಿರುವುದನ್ನು ಕೇಳಿ. ಕೂರುವ ಜಾಗ, ಗುಂಪಿನ ಚಟುವಟಿಕೆಗೆ ತಂಡ ಮಾಡುವುದು, ಆಟದ ತಂಡ ಆರಿಸುವುದು ಇವೆಲ್ಲ ಶಿಕ್ಷಕರೇ ಮಾಡಬಹುದು. "ನೀವೇ ಜೋಡಿ ಮಾಡಿಕೊಳ್ಳಿ" ಅನ್ನುವುದನ್ನು ಒಂದು ತಿಂಗಳು ನಿಲ್ಲಿಸಿದರೂ ಇವಳಿಗೆ ಉಸಿರಾಡಲು ಆಗುತ್ತದೆ. ಆ ಹುಡುಗಿಯರಲ್ಲಿ ಮನಸ್ಸಿಲ್ಲದೆ ಜೊತೆಗಿರುವ ಒಬ್ಬಳಾದರೂ ಇರುತ್ತಾಳೆ. ತರಗತಿ ಶಿಕ್ಷಕರಿಗೆ ಅವಳು ಯಾರು ಅಂತ ಗೊತ್ತಿರುತ್ತದೆ. ಅವಳನ್ನು ಇವಳ ಜೊತೆ ಒಂದು ಕೆಲಸಕ್ಕೆ ಹಾಕಿ ಅಂತ ಕೇಳಿ. ಎರಡು ವಾರ ಬಿಟ್ಟು ಮತ್ತೆ ಭೇಟಿ ಅಂತ ಅವತ್ತೇ ದಿನಾಂಕ ಗೊತ್ತು ಮಾಡಿಕೊಂಡು ಬನ್ನಿ. ತರಗತಿ ಶಿಕ್ಷಕರು ಕೇಳದಿದ್ದರೆ ಮುಖ್ಯ ಶಿಕ್ಷಕರಿಗೆ, ಅಲ್ಲಿಯೂ ಆಗದಿದ್ದರೆ ಆಡಳಿತ ಮಂಡಳಿಗೆ ಅದೇ ಪತ್ರದ ಪ್ರತಿ ಹೋಗಲಿ.

ಇಬ್ಬರ ಅಪ್ಪ:

ಮೇಷ್ಟ್ರೇ, ಆ ಪತ್ರದ ಮಾದರಿ ಒಂದು ಬರೆದು ಇಲ್ಲಿ ಹಾಕುತ್ತೀರಾ? ನನ್ನ ದೊಡ್ಡ ಮಗನಿಗೂ ಬೇಕಾಗಬಹುದು. ನಿನ್ನೆ ರಾತ್ರಿ ಅವನ ಪಕ್ಕ ಕೂತು ಕೇಳಿದೆ. ಸ್ವಲ್ಪ ಹೇಳಿದ್ದಾನೆ, ಇನ್ನೂ ಇದೆ ಅನ್ನಿಸುತ್ತಿದೆ.

ಹಳೇ ಮೇಷ್ಟ್ರು:

ನಾಳೆ ಬೆಳಿಗ್ಗೆ ಹಾಕುತ್ತೇನೆ ಸರ್. ಅಷ್ಟರೊಳಗೆ ಅವನು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದಿಡಿ. ಉಳಿದದ್ದಕ್ಕೆ ಒತ್ತಾಯ ಮಾಡಬೇಡಿ, ಇವತ್ತೂ ಪಕ್ಕ ಕೂತುಕೊಳ್ಳಿ.